ನಾಲಿಗೆಗೆ ಉಳಿದದ್ದು

ನೀರು ಕೇಳಲೆಂದು ಬ್ಯಾಟರಾಯಪ್ಪ ಬಾಯಿ ತೆರೆದ. ಬಾಯಿಂದ ಹೊರಟದ್ದು "ಗೋವಿಂದ" ಎಂಬ ಮಾತು.

ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಗಂಗರತ್ನಮ್ಮ ಮುದ್ದೆಕೋಲನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದ ದಿನದಿಂದ ಗಂಡನ ಬಾಯಿಂದ ಒಂದು ಅಕ್ಷರವೂ ಹೊರಟಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಮೂಕ. ಮನೆಗೆ ಕರೆತಂದು ಹಜಾರದ ಕಿಟಕಿಯ ಪಕ್ಕ ಮಂಚ ಹಾಕಿ ಮಲಗಿಸಿದ ಮೇಲೂ ಮೂಕ.

"ಏನಂದ್ರಿ? ಇನ್ನೊಂದ್ಸಲ ಅನ್ನಿ," ಎಂದು ಅವಳು ಅವನ ಮುಖದ ಹತ್ತಿರ ಬಗ್ಗಿದಳು.

ಅವನು ಮಾತನ್ನು ಮನಸ್ಸಿನಲ್ಲೇ ಸರಿಯಾಗಿ ಹೊಂದಿಸಿಕೊಂಡ. ನೀರು. ಎರಡೇ ಅಕ್ಷರ. ಕಿಟಕಿಯ ಮೇಲಿದ್ದ ಹಿತ್ತಾಳೆ ಲೋಟ ಕಣ್ಣಿಗೆ ಕಾಣುತ್ತಿತ್ತು, ಅದರೊಳಗಿನದರ ಹೆಸರು ತಲೆಯಲ್ಲಿ ಸ್ಪಷ್ಟವಾಗಿತ್ತು. ನಾಲಿಗೆಯನ್ನು ಎತ್ತಿದ. "ಗೋವಿಂದ," ಎಂದ.

ಗಂಗರತ್ನಮ್ಮನ ಕೈಯಿಂದ ಮುದ್ದೆಕೋಲು ನೆಲಕ್ಕೆ ಬಿತ್ತು. ಹಿಟ್ಟು ಮೆತ್ತಿದ ಎರಡೂ ಕೈಯನ್ನು ಜೋಡಿಸಿ ಅವಳು ಅಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಮದುವೆಯಾದ ಮೇಲೆ ಅವಳು ಹೀಗೆ ಮುಖ ಅರಳಿಸಿ ನಕ್ಕದ್ದನ್ನು ಬ್ಯಾಟರಾಯಪ್ಪ ಕಂಡಿರಲಿಲ್ಲ. ಆ ಸಂಭ್ರಮದಲ್ಲಿ ನೀರು ಕೊಡುವುದು ಮಾತ್ರ ಮರೆತೇ ಹೋಯಿತು.

ಈ ಬ್ಯಾಟರಾಯಪ್ಪ ಯಶವಂತಪುರದ ರೈಲ್ವೆ ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್. ಗೂಡ್ಸ್ ಗಾಡಿ ಬಂದಾಗ ಲಿವರ್ ಎಳೆದು, ಯಾವ ವ್ಯಾಗನ್ನು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವುದು ಅವನ ಕೆಲಸ. ಆ ಕೆಲಸದಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ. ದೇವರಿಲ್ಲ ಎನ್ನುವ ಅವನ ವಾದದಲ್ಲಿ ತಪ್ಪು ಹುಡುಕಲು ಮಾತ್ರ ಕ್ವಾರ್ಟರ್ಸಿನ ಸಾಲಿಗೆ ಸಾಲೇ ತಯಾರಾಗಿರುತ್ತಿತ್ತು. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಕೊನೆಗೆ ಜನ ಅವನನ್ನು ಅವನ ಪಾಡಿಗೆ ಬಿಟ್ಟಿದ್ದರು. ಹೆಂಡತಿ ಅಡುಗೆಮನೆಯ ಗೂಡಿನಲ್ಲಿ ವೆಂಕಟರಮಣನ ಪಟ ಇಟ್ಟುಕೊಂಡಿದ್ದಕ್ಕೆ ಅವನೇನೂ ಅಡ್ಡಿ ಮಾಡಿದವನಲ್ಲ. ಶನಿವಾರ ಅವಳು ಉಪವಾಸವಿದ್ದರೆ, "ಏನೇ ರತ್ನಾ, ನಿನ್ ವೆಂಕಟರಮಣಂಗೆ ಇವತ್ತು ಡ್ಯೂಟಿನಾ, ರೆಸ್ಟಾ?" ಎಂದು ಕಾಡಿಸುತ್ತಿದ್ದ, ಅಷ್ಟೇ. ಅವಳು ನಗುತ್ತಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳು ಆ ಪಟದ ಹತ್ತಿರ ಏನೇನು ಮಾತಾಡಿಕೊಳ್ಳುತ್ತಿದ್ದಳೋ, ಅವನು ಯಾವತ್ತೂ ಕೇಳಿಸಿಕೊಳ್ಳಲು ಹೋಗಿರಲಿಲ್ಲ.

ಅವನ ಜೊತೆಗಾರ ಎಂದರೆ ಯಾರ್ಡಿನೊಳಗೆ ಎಂಜಿನ್ ಓಡಿಸುವ ಶಂಟರ್ ಮೊಯಿನುದ್ದೀನ್ ಒಬ್ಬನೇ. ಮೊಯಿನುದ್ದೀನ್ ಮಸೀದಿಯ ಕಡೆ ಮುಖ ಹಾಕದೆ ಎಷ್ಟೋ ವರ್ಷವಾಗಿತ್ತು. ಲಕ್ವ ಹೊಡೆದ ವರ್ಷದ ಮೊದಲಲ್ಲಿ ಎಂಟು ಗ್ರಹಗಳು ಒಂದೇ ಮನೆಗೆ ಬಂದು ಲೋಕ ಮುಳುಗುತ್ತದೆಂದು ಬೆಂಗಳೂರಿಗೆ ಬೆಂಗಳೂರೇ ಹೋಮ, ಭಜನೆಗೆ ಕೂತಿತ್ತಲ್ಲ, ಅವತ್ತು ಇವರಿಬ್ಬರೂ ಯಾರ್ಡಿನ ಗೇಟಿನ ಅಂಗಡಿಯಲ್ಲಿ ಕೂತು ಬೋಂಡ ತಿಂದಿದ್ದರು. "ಮುಳುಗೋ ಮುಂಚೆ ಇನ್ನೊಂದು ಪ್ಲೇಟ್ ಕೊಡಪ್ಪಾ," ಎಂದು ಅಂಗಡಿಯವನನ್ನು ಗೋಳುಹೊಯ್ದುಕೊಂಡಿದ್ದರು. ಅಲ್ಲೇ ಮೊಯಿನುದ್ದೀನ್ ಕೈ ಚಾಚಿದ್ದ. "ನೋಡು ಬ್ಯಾಟ್ರಾಯಾ, ಸಂಕಟ ಬಂದಾಗ ವೆಂಕಟರಮಣ ಅನ್ನೋ ಪೈಕಿ ನಾವಲ್ಲ. ಯಾರು ಮೊದ್ಲು ಹೋದ್ರೂ ಬಾಯಲ್ಲಿ ದೇವರ ಹೆಸ್ರು ಬರಬಾರ್ದು. ನಿನ್ ಬಾಯಲ್ಲೂ ಬರಬಾರ್ದು, ನನ್ ಬಾಯಲ್ಲೂ ಬರಬಾರ್ದು." ಬ್ಯಾಟರಾಯಪ್ಪ ಎಣ್ಣೆಗೈಯಲ್ಲೇ ಅವನ ಕೈಗೆ ಕೈ ಹೊಡೆದಿದ್ದ. ನಗುತ್ತ ಆಡಿದ್ದರೂ ಆಟದ ಮಾತಾಗಿರಲಿಲ್ಲ ಅದು. ಇಬ್ಬರ ತಲೆಯೂ ಬೆಳ್ಳಗಾಗುತ್ತಿತ್ತು.

ಈಗ ನೋಡಿದರೆ ಹೀಗೆ. ಉಳಿದ ಮಾತುಗಳೆಲ್ಲ ಎಲ್ಲಿಗೆ ಹೋದವೋ, ಇದೊಂದು ಮಾತ್ರ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ಸಂಜೆಯ ಹೊತ್ತಿಗೆ ಕ್ವಾರ್ಟರ್ಸಿನ ಹೆಂಗಸರು ಬಾಗಿಲಲ್ಲಿ ಸೇರಿದರು. ಪಕ್ಕದ ಮನೆಯ ಮುನಿಕೆಂಪಮ್ಮ ಮಂಚದ ಹತ್ತಿರವೇ ಬಂದು ನಿಂತು ವಿಚಾರಿಸಿದಳು.

"ಏನ್ ಬೇಕಣ್ಣಾ, ಗಂಜಿ ಕುಡೀತೀಯಾ?"

"ಗೋವಿಂದ."

"ಕಾಲು ನೋಯ್ತದಾ?"

"ಗೋವಿಂದ."

"ನೋಡ್ರಮ್ಮಾ," ಎಂದು ಮುನಿಕೆಂಪಮ್ಮ ಬಾಗಿಲ ಕಡೆ ತಿರುಗಿದಳು. "ಊಟ ಕೇಳಿದ್ರೂ ಗೋವಿಂದ, ನೋವು ಕೇಳಿದ್ರೂ ಗೋವಿಂದ. ಇದಕ್ಕಿಂತ ದೊಡ್ಡ ಭಕ್ತಿ ಯಾವ್ದೈತೆ? ದಿನಾ ದೀಪ ಹಚ್ತೀವಿ, ನಮ್ ಬಾಯಲ್ಲಿ ಬರ್ತದಾ ಇಂಗೆ?"

ಬ್ಯಾಟರಾಯಪ್ಪನಿಗೆ ಮೈಯೆಲ್ಲ ಉರಿಯಿತು. ಎದ್ದು ಹೋಗ್ರೇ ಎಂದು ಗದರಿಸಬೇಕೆನಿಸಿತು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಅವನ ಕೋಪ ದವಡೆ ದಾಟುವಷ್ಟರಲ್ಲಿ ದೇವರ ಹೆಸರಾಗುತ್ತಿತ್ತು. ಇಲ್ಲವೆಂದು ತಲೆ ಅಡ್ಡ ಆಡಿಸಲು ಹೋದರೆ ಅದು ಮೇಲೆ ಕೆಳಗೆ ಆಡಿತು. ಸಾಕು, ಹೋಗಿ ಎನ್ನಲು ಸ್ವಾಧೀನವಿದ್ದ ಎಡಗೈಯನ್ನು ಎತ್ತಿ ಅಂಗೈ ತೋರಿಸಿದ. ಮುನಿಕೆಂಪಮ್ಮ ಆ ಕೈಯ ಕೆಳಗೆ ತಲೆ ಒಡ್ಡಿದಳು. "ಎಡಗೈಯಾದ್ರೇನು, ಆಸೀರ್ವಾದ ಆಸೀರ್ವಾದವೇ," ಎಂದಳು. ಮಿಕ್ಕವರೂ ಒಬ್ಬೊಬ್ಬರಾಗಿ ಒಳಗೆ ಬಂದರು.

ಮಾಕಳಿಗೆ ಸುದ್ದಿ ಹೋಗಲು ತಡವಾಗಲಿಲ್ಲ. ಬ್ಯಾಟರಾಯಪ್ಪ ಹುಟ್ಟಿದ್ದು ಅಲ್ಲಿ, ದಾಸಪ್ಪಗಳ ಮನೆಯಲ್ಲಿ. ಅವರದು ತಿರುಪತಿಯ ಒಕ್ಕಲು. ಶ್ರಾವಣ ಶನಿವಾರ ಬಂತೆಂದರೆ ಅಪ್ಪ ಮೂರು ನಾಮ ಹಾಕಿಕೊಂಡು, ಶಂಖ ಜಾಗಟೆ ಹಿಡಿದು ಮನೆಮನೆಗೆ ಪಡಿ ಬೇಡಲು ಹೊರಡುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಂತು "ವೆಂಕಟರಮಣಾ" ಎಂದು ಎಳೆದು ಕೂಗಿದರೆ, ಹಿಂದಿನಿಂದ "ಗೋವಿಂದ" ಎನ್ನುವುದು ಪುಟ್ಟ ಬ್ಯಾಟರಾಯಪ್ಪನ ಕೆಲಸ. ಆ ಮನೆತನದ ಗಂಡುಮಕ್ಕಳಿಗೆ ಮೀಸೆ ಮೂಡುವ ಹೊತ್ತಿಗೆ ಮುದ್ರೆ ಹಾಕಿಸುತ್ತಿದ್ದರು. ತಾಮ್ರದ ಚಕ್ರವನ್ನೂ ಶಂಖವನ್ನೂ ಕೆಂಡದಲ್ಲಿ ಕಾಯಿಸಿ ಬಲತೋಳಿಗೊಂದು, ಎಡತೋಳಿಗೊಂದು ಒತ್ತುವುದು. ಮುದ್ರೆ ಬಿದ್ದವನು ದಾಸಪ್ಪ. ಬೀಳದವನು ಊರಿಗೂ ಅಲ್ಲ, ಊರಾಚೆ ದಾಸಪ್ಪಗಳನ್ನು ಹೂಳುವ ಗುಂಡಿಗೂ ಅಲ್ಲ.

ನಂಬಿಕೆ ಹೋಗುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ. ಹಾಲುಹಲ್ಲು ಬಿದ್ದ ಹಾಗೆ ಹೋಗುತ್ತದೆ. ಒಂದು ದಿನ ನಾಲಿಗೆ ತಾಗಿಸಿ ನೋಡಿದಾಗ ಜಾಗ ಖಾಲಿಯಿರುತ್ತದೆ. ಬ್ಯಾಟರಾಯಪ್ಪನಿಗೆ ಮುದ್ರೆಯ ಹಿಂದಿನ ದಿನ ಹಾಗಾಗಿತ್ತು. ಇಲ್ಲದ್ದಕ್ಕೆ ತೋಳು ಸುಟ್ಟುಕೊಳ್ಳಲಾರೆ ಎಂದು ಅವನು ತುಮಕೂರು ರಸ್ತೆ ಹಿಡಿದು ನಡೆದು, ಯಶವಂತಪುರದಲ್ಲಿ ಹಳಿ ರಿಪೇರಿಯ ಗ್ಯಾಂಗಿಗೆ ಸೇರಿಕೊಂಡ. ಅಪ್ಪ ಮತ್ತೆ ಅವನೊಂದಿಗೆ ಮಾತಾಡಲಿಲ್ಲ. ಅಪ್ಪ ಸತ್ತಾಗ ಹೆಗಲು ಕೊಡಲು ಹೋದವನ ತೋಳು ನೋಡಿ ದಾಸಪ್ಪಗಳು ಚಟ್ಟ ಮುಟ್ಟಗೊಡಲಿಲ್ಲ. ಆವತ್ತು ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದವನು ಸ್ವಂತ ಅಣ್ಣ ಪಿಳ್ಳಪ್ಪ.

ಆ ಪಿಳ್ಳಪ್ಪ ಈಗ ನಾಮ ಹಾಕಿಕೊಂಡು ಬಂದು ಮಂಚದ ಪಕ್ಕ ಕೂತಿದ್ದ. ತಮ್ಮನ ಬಾಯಿಂದ ಆ ಮಾತು ಕೇಳಿ ಮುದುಕ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಉಟ್ಟುಗುಣ ಸುಟ್ರೂ ಓಗಲ್ಲ ಅಂತಾರೆ, ಸುಳ್ಳಾ? ಅಪ್ಪನ್ ಮಾತು ಮೀರಿ ಓಡಿ ಬಂದ್ಯಲ್ಲೋ ತಮ್ಮಾ, ಈಗ ನೋಡು, ಅಪ್ಪನ್ ಮಾತೇ ನಿನ್ ಬಾಯಿಗ್ ಬಂದೈತೆ." ಆಮೇಲೆ ಗಂಗರತ್ನಮ್ಮನ ಕಡೆ ತಿರುಗಿದ. "ಬರೋದು ಸಾವಣ್ದ ಶನಿವಾರ ಕಣಮ್ಮಾ. ಗುರುಗಳ್ನ ಇಲ್ಲಿಗೇ ಕರ್ಕೊಂಬರ್ತೀನಿ. ಮುದ್ರೆ ಆಕ್ಸಿಬಿಡಾನ. ಆದ್ರೆ ಒಂದು ಮಾತು. ಯಾರ ದಾಸ ನೀನು ಅಂತ ಗುರುಗಳು ಮೂರು ಸಲ ಕೇಳ್ತಾರೆ. ಅವ್ನ ಬಾಯಿಂದ್ಲೇ ಬರಬೇಕು, ಬೇರೇರು ಏಳಂಗಿಲ್ಲ. ಮೂರನೇ ಸಲಾನೂ ಬರ್ಲಿಲ್ಲ ಅಂದ್ರೆ ಕಾದ ಮುದ್ರೆ ನೀರಿಗಾಕಿ ಎದ್ದೋಗ್ತಾರೆ."

"ಬರುತ್ತೆ ಭಾವ. ದಿನವೆಲ್ಲ ಅದನ್ನೇ ಅಂತಾರೆ," ಎಂದಳು ಗಂಗರತ್ನಮ್ಮ.

ಬೇಡ, ಬೇಡ, ನನ್ನ ತೋಳು ಮುಟ್ಟಬೇಡ ಎಂದು ಬ್ಯಾಟರಾಯಪ್ಪ ಕೂಗಿದ. ಆ ಕೂಗು ಅವನ ಕಿವಿಗೇ ಬಿದ್ದಾಗ, ಮಾಕಳಿಯ ದಾಸಪ್ಪಗಳೆಲ್ಲ ಸೇರಿ ಕೂಗಿದಷ್ಟು ಗಟ್ಟಿಯಾಗಿ ಗೋವಿಂದ ಗೋವಿಂದ ಎಂದಿತ್ತು. ಪಿಳ್ಳಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ.

ಮಾರನೆಯ ಮಧ್ಯಾಹ್ನ ಗಂಗರತ್ನಮ್ಮ ನಲ್ಲಿಗೆ ಹೋಗಿದ್ದಳು. ಮನೆಯಲ್ಲಿ ಅವನೊಬ್ಬನೇ. ಕಿಟಕಿಯ ಹೊರಗೆ ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಹೋಯಿತು. ಅದು ಹೋದ ಮೇಲೆ ಅವನು ತನ್ನಷ್ಟಕ್ಕೆ ಏನೋ ಅನ್ನಲು ಹೋದ. ಅದೇ ಮಾತು ಬಂತು, ಮೆಲ್ಲಗೆ. ಇನ್ನೇನೋ ಅನ್ನಲು ಹೋದ, ಮತ್ತೆ ಅದೇ. ಕಿವಿಗೆ ಅಪ್ಪನ ಜಾಗಟೆ ಕೇಳಿಸಿತು. ಒದ್ದೆ ಪಂಚೆಯ ತಣ್ಣನೆಯ ಅಂಚು ಮೊಣಕಾಲಿಗೆ ತಗುಲಿತು. ಅವ್ವ ಗಲ್ಲ ಹಿಡಿದೆತ್ತಿ ಹಣೆಗೆ ನಾಮ ಎಳೆಯುತ್ತಿದ್ದಳು, ಅವಳ ಉಸಿರಿನಲ್ಲಿ ಎಲೆಅಡಿಕೆಯ ವಾಸನೆ. ಮೊರದಲ್ಲಿ ಅಕ್ಕಿ ತಂದ ಹೆಂಗಸರು, ದಾಸಪ್ಪನ ಮಗಾ ಜೋರಾಗಿ ಅನ್ನೋ ಎಂದು ಕೆನ್ನೆ ಹಿಂಡುತ್ತಿದ್ದರು. ಹಾಯೆನಿಸಿತು. ಸುಳ್ಳು ಹೇಳಿ ಏನು ಬಂತು, ಹಾಯೆನಿಸಿತು. ದೇವರ ಸುದ್ದಿಯೇ ಅದರಲ್ಲಿರಲಿಲ್ಲ. ಅಪ್ಪ ಮುಂದೆ ನಡೆಯುತ್ತಿದ್ದಾನೆ, ತಾನು ಹಿಂದೆ ಇದ್ದೇನೆ ಎನಿಸಿತು, ಅಷ್ಟೇ. ಬ್ಯಾಟರಾಯಪ್ಪ ಅತ್ತುಬಿಟ್ಟ.

ಅಳು ನಿಂತ ಮೇಲೆ ಭಯ ಶುರುವಾಯಿತು. ಇನ್ನೊಂದು ಸಲ ಲಕ್ವ ಬಂದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅವನೆದುರಿಗೇ ಹೇಳಿದ್ದರು. ಮೂಕನಿಗೆ ಕಿವಿಯೂ ಇರುವುದಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಆಗ ಸಾಯುವುದು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಈಗ ಕಂಡಿತು. ಈ ಮಾತನ್ನು ಬಾಯಲ್ಲಿಟ್ಟುಕೊಂಡು ಸತ್ತರೆ ತಾನು ಬದುಕಿದ್ದೇ ಸುಳ್ಳಾಗುತ್ತದೆ. ಕೊನೆಗಾಲಕ್ಕೆ ಬುದ್ಧಿ ಬಂತು ನೋಡಿ ಎಂದು ಜನ ತಲೆದೂಗುತ್ತಾರೆ. ಜನ ಹಾಳಾಗಲಿ, ಈಗ ತಾನೇ ಅತ್ತದ್ದು ಯಾಕೆ ಎಂದು ಕೇಳಿದರೆ ತನಗೇ ಗೊತ್ತಿಲ್ಲ. ಗಂಗರತ್ನಮ್ಮ ಕೊಡ ಹೊತ್ತು ಒಳಗೆ ಬರುವಷ್ಟರಲ್ಲಿ ಅವನು ತೀರ್ಮಾನ ಮಾಡಿಯಾಗಿತ್ತು. ಬಾಯಿ ಬಿಟ್ಟರೆ ತಾನೇ ಆ ಮಾತು ಬರುವುದು? ಬಿಡುವುದೇ ಇಲ್ಲ.

ಬಿಡಲೂ ಇಲ್ಲ. ಬಾಯಾರಿದರೂ ಇಲ್ಲ, ಮಗ್ಗುಲು ನೊಂದರೂ ಇಲ್ಲ. ಹೆಂಗಸರು ಬಂದು ಕಾದು, ಮುಖ ಸಪ್ಪೆ ಮಾಡಿಕೊಂಡು ಎದ್ದುಹೋದರು. ಗಂಗರತ್ನಮ್ಮ ಗಂಜಿ ಕುಡಿಸುವಾಗೆಲ್ಲ ಅವನ ತುಟಿಯನ್ನೇ ನೋಡುತ್ತಿದ್ದಳು. "ನಾನೇನ್ ಮಾಡಿದ್ನ್ರೀ? ನನ್ ಮೇಲೆ ಕೋಪನಾ?" ಎಂದು ಕೇಳಿದಳು. ಅವನು ಗೋಡೆಯ ಕಡೆ ಮುಖ ಮಾಡಿದ. ಅವಳ ಮುಖದ ಆ ಹೊಸ ನಗು ಆರಿಹೋಗಿತ್ತು, ಅದನ್ನು ನೋಡಲು ಅವನಿಂದಾಗಲಿಲ್ಲ.

ಅರಸೀಕೆರೆ ಕಡೆ ಡ್ಯೂಟಿಗೆ ಹೋಗಿದ್ದ ಮೊಯಿನುದ್ದೀನ್ ಶುಕ್ರವಾರ ಸಂಜೆ ಬಂದ. ಮಸಿ ಮೆತ್ತಿದ ಡ್ಯೂಟಿ ಬಟ್ಟೆಯಲ್ಲೇ ಇದ್ದ. ಸ್ಟೂಲು ಎಳೆದುಕೊಂಡು ಕೂತ.

"ಏನ್ ಗುರು, ಸ್ಟೇಷನ್ ತುಂಬಾ ನಿಂದೇ ಸುದ್ದಿ. ಭಕ್ತ ಆಗ್ಬಿಟ್ಯಂತೆ. ನಾಳೆ ಮುದ್ರೆ ಬೇರೆ ಹಾಕ್ತಾರಂತೆ."

ಬ್ಯಾಟರಾಯಪ್ಪ ತುಟಿ ಬಿಗಿದ.

"ಹೌದಾ? ಹೌದಾದ್ರೂ ಪರ್ವಾಗಿಲ್ಲ ಯಾರ್. ನಾನೇನು ಬಯ್ಯಲ್ಲ. ಸಾವು ಎದುರಿಗೆ ನಿಂತಾಗ ಮನುಷ್ಯ ಏನ್ ಮಾಡ್ತಾನೋ, ಯಾರಿಗ್ ಗೊತ್ತು. ನಾನು ಕ್ಷಮಿಸಿದೀನಿ ಬಿಡು."

ಈ ಕ್ಷಮೆ ಬ್ಯಾಟರಾಯಪ್ಪನಿಗೆ ಬೆಂಕಿಯ ಹಾಗೆ ತಗುಲಿತು. ಊರೆಲ್ಲ ತಪ್ಪು ತಿಳಿಯಲಿ, ಇವನು? ಅಲ್ಲ ಕಣೋ, ನಿನ್ನ ಕ್ಷಮೆ ಯಾವನಿಗೆ ಬೇಕೋ ಎಂದ. "ಗೋವಿಂದ! ಗೋವಿಂದ ಗೋವಿಂದ ಗೋವಿಂದ!" ಎಂದು ಬಂತು. ಎಂಜಲು ಹಾರಿತು, ಎಡಗೈ ಮಂಚದ ಪಟ್ಟಿಗೆ ಬಡಿಯಿತು.

ಮೊಯಿನುದ್ದೀನ್ ಹುಬ್ಬು ಮೇಲೆ ಹೋಯಿತು. ಈ ದನಿ ಅವನಿಗೆ ಗೊತ್ತಿತ್ತು. ಕೈ ಸನ್ನೆ ನೋಡದೆ ಎಂಜಿನ್ ಮುಂದಕ್ಕೆ ತಂದಾಗೆಲ್ಲ ಯಾರ್ಡಿನಲ್ಲಿ ಈ ದನಿಯಲ್ಲಿ ಬೈಸಿಕೊಂಡವನು ಅವನೇ. ಜೇಬಿನಲ್ಲಿದ್ದ, ವ್ಯಾಗನ್ನಿಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ತೆಗೆದು ಹಿಡಿದ.

"ಇದೇನು?"

"ಗೋವಿಂದ."

"ನಾನ್ಯಾರು?"

"ಗೋವಿಂದ."

"ನಿನ್ ತಲೆ!" ಎಂದು ಮೊಯಿನುದ್ದೀನ್ ಬಿದ್ದು ಬಿದ್ದು ನಕ್ಕ. "ನಂಗೆ ಸುನ್ನತಿ ಮಾಡಿದ ಮುಲ್ಲಾ ಕೇಳಿಸ್ಕೊಂಡ್ರೆ ಎದೆ ಒಡ್ಕೊಂಡು ಸಾಯ್ತಾನೆ." ಬ್ಯಾಟರಾಯಪ್ಪನಿಗೂ ನಗು ಬಂತು, ಉಳಿದಿದ್ದ ಅರ್ಧ ಮುಖದಲ್ಲಿ. ಮೊಯಿನುದ್ದೀನ್ ಸೀಮೆಸುಣ್ಣವನ್ನು ಅವನ ಎಡಗೈಗೆ ಕೊಟ್ಟು ನೆಲದ ಮೇಲೆ ಬರೆಯಲು ಹೇಳಿದ. ಅಕ್ಷರಗಳೂ ಮಾತಿನ ಜೊತೆಯೇ ಹೋಗಿದ್ದವು, ಬರೀ ಗೀಟು ಬಿತ್ತು. "ಪಾಯಿಂಟ್ ಜಾಮ್ ಆಗಿದೆ ಕಣೋ ನಿಂದು. ಎಲ್ಲಿಗ್ ಎಳೆದ್ರೂ ಒಂದೇ ಲೈನಿಗೆ ಹೋಗ್ತಾ ಇದೆ," ಎಂದ. ಆಮೇಲೆ ದನಿ ಇಳಿಸಿ, "ನನ್ನ ನಾಲಿಗೆ ಯಾವ್ ಲೈನಲ್ಲಿ ಜಾಮ್ ಆಗುತ್ತೋ," ಎಂದ.

ಅಕ್ಕಂಗೆ ಈಗಲೇ ಹೇಳ್ತೀನಿ ಇರು ಎಂದು ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ತೆಳು ಗೋಡೆಯ ಕ್ವಾರ್ಟರ್ಸು. ಬ್ಯಾಟರಾಯಪ್ಪನಿಗೆ ಎಲ್ಲವೂ ಕೇಳಿಸಿತು.

"ಅಕ್ಕಾ, ಅದು ದೇವರ ಹೆಸ್ರಲ್ಲ. ನಾಲಿಗೇಲಿ ಉಳಿದಿರೋದು ಅದೊಂದೇ. ನಾಳೆ ಆ ಸುಡೋದು ಗಿಡೋದು ನಿಲ್ಲಿಸಿ."

ಪಾತ್ರೆಯ ಸದ್ದು ನಿಂತಿತು. "ನಂಗೊತ್ತು ಅಣ್ಣಾ," ಎಂದಳು ಗಂಗರತ್ನಮ್ಮ.

"ಗೊತ್ತಾ?"

"ಮೊದಲನೇ ದಿನ ದೇವ್ರು ಕಣ್ ಬಿಟ್ಟ ಅಂದ್ಕೊಂಡೆ. ಆಮೇಲೆ ಮೈ ಒರೆಸೋವಾಗ ಬಿಸಿನೀರು ಜಾಸ್ತಿಯಾಯ್ತು. ಅದೇ ಮಾತಲ್ಲಿ ಬೈದ್ರು ನನ್ನ. ಮದುವೆಯಾದಾಗ್ಲಿಂದ ಬೈಸ್ಕೊಂಡಿದೀನಿ, ಬೈಗುಳ ಯಾವ್ದು, ಭಜನೆ ಯಾವ್ದು ಅಂತ ಗೊತ್ತಾಗಲ್ವಾ?"

"ಮತ್ತೆ ಯಾಕಮ್ಮಾ ಇದೆಲ್ಲಾ?"

"ಅವ್ರು ಹೋದ್ಮೇಲೆ ಈ ಕ್ವಾರ್ಟರ್ಸ್ ಬಿಡ್ಬೇಕು. ತವರು ಅಂತ ಯಾರೂ ಉಳಿದಿಲ್ಲ ನಂಗೆ. ಮುದ್ರೆ ಬಿದ್ದೋನ್ ಹೆಂಡ್ತಿ ಅಂದ್ರೆ ಭಾವ ಮಾಕಳೀಲಿ ಒಂದು ಮೂಲೆ ಕೊಡ್ತಾರೆ. ಬೀಳ್ಲಿಲ್ಲ ಅಂದ್ರೆ ಇವ್ರ ಹೆಣಾನೂ ಆ ಊರಿಗೆ ಸೇರ್ಸಲ್ಲ, ನನ್ನೂ ಸೇರ್ಸಲ್ಲ. ಯಾರ ಮನೆ ಜಗಲೀಲಿ ಬಿದ್ದಿರ್ಲಿ ನಾನು?" ಮೂಗು ಒರೆಸಿಕೊಂಡ ಸದ್ದು. "ಅವ್ರಿಗೆ ಅನ್ಯಾಯ ಮಾಡ್ತಿದೀನಿ. ಗೊತ್ತು ಅಣ್ಣಾ. ಗೊತ್ತಿದ್ದೇ ಮಾಡ್ತಿದೀನಿ."

ಮೊಯಿನುದ್ದೀನ್ ಹಿಂತಿರುಗಿ ಬಂದು ಸ್ಟೂಲಿನ ಮೇಲೆ ಕೂರಲಿಲ್ಲ. "ಕೇಳಿಸ್ತಲ್ಲ? ನಾನೇನೂ ಹೇಳಲ್ಲ ಬ್ಯಾಟ್ರಾಯಾ. ನಾಳೆ ಬಾಯಿ ಮುಚ್ಕೊಂಡಿದ್ರೆ ಗೆದ್ದೋನು ನೀನು. ಬಾಯಿ ಬಿಟ್ರೆ ಆಯಮ್ಮಂಗೊಂದು ಸೂರು. ಕೈ ಹೊಡ್ದಿದ್ದು ಬೋಂಡ ತಿಂದಾಗಿನ ಮಾತು, ಅದನ್ನ ಲೆಕ್ಕಕ್ಕೆ ತಗೋಬೇಡ," ಎಂದು ಅವನ ಸ್ಪರ್ಶವಿಲ್ಲದ ಬಲಗೈಯನ್ನು ಹಿಡಿದು, ಹಾಗೇ ಇಟ್ಟು, ಹೊರಟುಹೋದ.

ಬ್ಯಾಟರಾಯಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ಬರಲೆಂದು ಕಾದ, ಬರಲಿಲ್ಲ. ನಾಚಿಕೆಯಾಯಿತು. ದೇವರಿಲ್ಲವೆಂದು ಸಾಧಿಸಲು ಒಂದು ಜೀವಮಾನ ಕಳೆದವನು ಇವಳಿಗೆಂದು ಒಂದು ಗೋಡೆ ಎಬ್ಬಿಸಿರಲಿಲ್ಲ. ಸತ್ತ ಮೇಲೆ ಏನೂ ಇಲ್ಲ ಎಂದು ಎಷ್ಟು ಸಲ ಭಾಷಣ ಬಿಗಿದಿದ್ದ! ಅವನಿಗೇನೋ ಇಲ್ಲ, ಸರಿ. ಅವಳಿಗೆ ಇತ್ತು. ಅವಳಿಗೆ ಮಾರನೆಯ ದಿನ ಇತ್ತು, ಅದರ ಮಾರನೆಯ ದಿನ ಇತ್ತು, ಅಡುಗೆ ಮಾಡಲು ಒಂದು ಒಲೆ ಬೇಕಿತ್ತು. ಒಂದು ಮಾತು ತಾನೇ, ಕೇಳದವರಿಗೆಲ್ಲ ಬಿಟ್ಟಿ ಹಂಚಿದ ಮಾತು. ಅವಳಿಗಾಗಿ ಒಂದೇ ಒಂದು ಸಲ ಬೇಕೆಂದೇ ಆಡಿದರಾಯಿತು. ಹಾಗೆ ನಿರ್ಧರಿಸಿದ ಮೇಲೆ ಮನಸ್ಸು ತಿಳಿಯಾಯಿತು, ನಿದ್ದೆಯೂ ಬಂತು.

ಶನಿವಾರ ಬೆಳಿಗ್ಗೆ ಗಂಗರತ್ನಮ್ಮ ಅವನ ಮೈ ಒರೆಸಿ, ಮಡಿಪಂಚೆ ಉಡಿಸಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿದಳು. ಅಂಗಿ ತೆಗೆದ ತೋಳುಗಳು ಬಾಡಿದ್ದವು. ಪಿಳ್ಳಪ್ಪ ಹಣೆಗೆ ನಾಮ ಎಳೆದ. ಗುರುಗಳು ಗೂರಲಿನ ಮುದುಕರು; ಬಸ್ಸಿನಿಂದ ನಡೆದು ಬಂದ ಆಯಾಸಕ್ಕೆ ಕೆಮ್ಮುತ್ತ, ಅಗ್ಗಿಷ್ಟಿಕೆಯ ಮುಂದೆ ಕೂತು ಕೆಂಡಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿದರು. ಹಜಾರದ ತುಂಬ ಮಾಕಳಿಯ ದಾಸಪ್ಪಗಳು, ಬಾಗಿಲ ತುಂಬ ಕ್ವಾರ್ಟರ್ಸಿನ ಹೆಂಗಸರು. ಕಿಟಕಿಯ ಹೊರಗೆ ಮೊಯಿನುದ್ದೀನ್ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಗಂಗರತ್ನಮ್ಮ ಮಂಚದ ಎಡಕ್ಕೆ ನೆಲದ ಮೇಲೆ ಕೂತಳು.

ತಾಮ್ರದ ಚಕ್ರ ಕೆಂಪಾಯಿತು. ಗುರುಗಳು ಕೆಮ್ಮು ನಿಲ್ಲಿಸಿಕೊಂಡು ಕೇಳಿದರು. "ಯಾರ ದಾಸನಯ್ಯಾ ನೀನು?"

ಬ್ಯಾಟರಾಯಪ್ಪ ಬಾಯಿ ತೆರೆದ. ಗೋವಿಂದ, ಎಂದುಕೊಂಡ. ನಾಲಿಗೆಯನ್ನು ಅಲ್ಲಿಗೇ ಎಳೆದ. ಏನೂ ಬರಲಿಲ್ಲ. ತುಟಿ ದುಂಡಗಾಯಿತು, ಗಂಟಲು ಮೇಲೆ ಬಂತು, ಬರೀ ಗಾಳಿ ಹೊರಟಿತು.

ದಾಸಪ್ಪಗಳು ಮುಖ ಮುಖ ನೋಡಿಕೊಂಡರು. "ಅನ್ನೋ ತಮ್ಮಾ, ಅನ್ನು," ಎಂದ ಪಿಳ್ಳಪ್ಪ.

"ಬೇರೆಯವರು ಬಾಯಿ ಹಾಕಬೇಡಿ," ಎಂದು ಗುರುಗಳು ಗದರಿಸಿದರು. "ಯಾರ ದಾಸನಯ್ಯಾ ನೀನು?"

ಅವನು ಮೈಯೆಲ್ಲ ಹಿಂಡಿದ. ಬೇಡವೆಂದಾಗ ಮಳೆಯ ಹಾಗೆ ಸುರಿದ ಮಾತು ಬೇಕೆಂದಾಗ ಎಲ್ಲಿ ಅಡಗಿತ್ತೋ. ಗೋ. ಗೋ. ಮೊದಲ ಅಕ್ಷರಕ್ಕೆ ನಾಲಿಗೆಯನ್ನು ಎಲ್ಲಿ ಇಡಬೇಕೆಂಬುದೇ ಮರೆತಿತ್ತು. ಹಣೆಯ ಬೆವರಿಗೆ ನಾಮ ಕರಗಿ ಹುಬ್ಬಿಗೆ ಇಳಿಯಿತು. "ಗ್‌" ಎಂದು ಒಂದು ಸದ್ದು ಬಂದು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಯಾರೋ ಲೊಚಗುಟ್ಟಿದರು. ಗುರುಗಳು ಎಡಗೈಯಿಂದ ನೀರಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಬ್ಯಾಟರಾಯಪ್ಪ ಹೆಂಡತಿಯ ಕಡೆ ನೋಡಿದ. ಅವನು ಬೇಕೆಂದೇ ಆ ಮಾತನ್ನು ತಡೆದಿದ್ದಾನೆ ಎಂದು ಅವಳು ತಿಳಿದಿದ್ದಳು. ಹಾಗೆಂದು ಮುಖದಲ್ಲೇ ಇತ್ತು. ಕೋಪವಿರಲಿಲ್ಲ ಆ ಮುಖದಲ್ಲಿ. ಆಗಲಿ ಬಿಡಿ, ನಿಮ್ಮಿಷ್ಟದ ಹಾಗೇ ಆಗಲಿ ಎಂದು ಅವಳು ಒಪ್ಪಿಕೊಂಡುಬಿಟ್ಟಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಯಾರ ದಾಸನಯ್ಯಾ ನೀನು?"

ಪ್ರಶ್ನೆ ಅವನಿಗೆ ಕೇಳಿಸಲೇ ಇಲ್ಲ. ಗುರುಗಳು, ಕೆಂಡ, ಕಿಟಕಿಯಲ್ಲಿದ್ದ ಗೆಳೆಯ, ಯಾವುದೂ ಅವನ ಮುಂದೆ ಇರಲಿಲ್ಲ. ಇವಳಿಗೆ ಗೊತ್ತಾಗಬೇಕು, ಅಷ್ಟೇ. ರತ್ನಾ, ಎಂದ. ಬೇಕೂಂತ ಅಲ್ಲ ಕಣೇ, ಬರ್ತಾ ಇಲ್ಲ ಕಣೇ ರತ್ನಾ.

"ಗೋವಿಂದ," ಎಂದಿತು ಬಾಯಿ. "ಗೋವಿಂದ... ಗೋವಿಂದ."

ಹಜಾರಕ್ಕೆ ಹಜಾರವೇ ಒಂದೇ ಕೊರಳಾಗಿ ಗೋವಿಂದಾ ಎಂದು ಕೂಗಿತು. ಶಂಖ ಊದಿದರು, ಜಾಗಟೆ ಬಡಿದರು. ಪಿಳ್ಳಪ್ಪ ತಮ್ಮನ ಭುಜ ಹಿಡಿದುಕೊಂಡು ಗೊಳೋ ಎಂದು ಅತ್ತ. ಗುರುಗಳು ಇಕ್ಕುಳದಿಂದ ಚಕ್ರವನ್ನೆತ್ತಿ ಬಲತೋಳಿಗೆ ಒತ್ತಿದರು. ಚರ್ಮ ಚುರ್ ಎಂದು ಹೊಗೆಯಾಡಿತು. ಬ್ಯಾಟರಾಯಪ್ಪ ಅದನ್ನು ಇನ್ನಾರದೋ ತೋಳೆಂಬಂತೆ ನೋಡಿದ, ಅವನಿಗೆ ನೋವೇ ಆಗಲಿಲ್ಲ. ಆಮೇಲೆ ಶಂಖವನ್ನೆತ್ತಿ ಎಡತೋಳಿಗೆ ಒತ್ತಿದರು. ಅದು ನೆತ್ತಿಯವರೆಗೆ ಹತ್ತಿತು. ಬಾಯಿ ಮತ್ತೆ ಅದೇ ಮಾತನ್ನು ಕಿರುಚಿತು, ಜನ ಇನ್ನೂ ಜೋರಾಗಿ ಮಾರುತ್ತರ ಕೊಟ್ಟರು. ಕಿಟಕಿಯಲ್ಲಿ ಈಗ ಯಾರೂ ಇರಲಿಲ್ಲ.

ಗಂಗರತ್ನಮ್ಮ ಮಾತ್ರ ಗೋವಿಂದ ಎನ್ನಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಅವಳು ಎದ್ದು ಮಂಚದ ಅಂಚಿಗೆ ಕೂತು ಅವನ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಊಂ ರೀ, ಇಲ್ಲೇ ಇದೀನಿ," ಎಂದಳು. "ಕೇಳಿಸ್ತು."

ಸುತ್ತಲೂ ಜಾಗಟೆ ಬಡಿಯುತ್ತಲೇ ಇತ್ತು. ಅವಳು ಸುಟ್ಟ ತೋಳಿನ ಹತ್ತಿರಕ್ಕೆ ಬಾಯಿ ತಂದು, ಬಿಸಿಹಾಲು ಆರಿಸುವವಳಂತೆ ಮೆಲ್ಲಗೆ ಊದತೊಡಗಿದಳು.